ಕಟ್ಟೆಯ ಮೇಲೆ ಸರ್ವಧರ್ಮ, ಕಟ್ಟೆಯ ಕೆಳಗೆ ನಾವು

ನಮ್ಮ ತಾಲ್ಲೂಕು ಊರು ಬೆಳೆಯುತ್ತಿದೆ. ಮೊನ್ನೆ ಮೊನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ಎರೆಹೊಲದಲ್ಲಿ ಕಲ್ಲು ನೆಟ್ಟಾಗಿದೆ. ಮೂವತ್ತು ನಲವತ್ತರ ಸೈಟುಗಳಿಗೆ ನಂಬರು ಬರೆದಾಗಿದೆ. ಆ ಬಡಾವಣೆಯ ನಕ್ಷೆಯ ಒಂದು ಮೂಲೆಯಲ್ಲಿ ಸಿ.ಎ. ಸೈಟು ಅಂತ ಒಂದು ತುಂಡು ಜಾಗ ಬಿಟ್ಟಿದ್ದಾರೆ. ಅಲ್ಲಿ ಎಲ್ಲ ಧರ್ಮದವರಿಗೂ ಸೇರಿ ಒಂದು ಭವನ ಆಗಬೇಕು ಅಂತ ಕೆಲವರು ಸಭೆ ಕರೆದಿದ್ದರು. ನಾನೂ ಹೋಗಿದ್ದೆ.

ವೇದಿಕೆಯ ಮೇಲೆ ಒಬ್ಬ ಸ್ವಾಮಿಗಳು, ಒಬ್ಬ ಮೌಲ್ವಿಗಳು, ಒಬ್ಬ ಪಾದ್ರಿಗಳು. ಮೂವರಿಗೂ ಒಂದೇ ಅಳತೆಯ ಮಾಲೆ. ಮೂವರೂ ಒಳ್ಳೆಯ ಮಾತನ್ನೇ ಆಡಿದರು. ಯಾರೂ ಯಾರನ್ನೂ ಹಳಿಯಲಿಲ್ಲ. ಈ ಕಾಲದಲ್ಲಿ ಅದೇ ದೊಡ್ಡದು ಅಂತ ನನಗೂ ಅನ್ನಿಸಿತು. ಶಾಮಿಯಾನ ಕಟ್ಟಿ ಕುರ್ಚಿ ಹಾಕಿದ ಹುಡುಗರು ನಮ್ಮ ಕೇರಿಯವರು. ಅವರು ಶಾಮಿಯಾನದ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದರು. ಮುಂದೆ ಕುರ್ಚಿಗಳು ಖಾಲಿ ಇದ್ದವು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಬೀಡಿ ಹಚ್ಚುತ್ತಾ ಕೇಳಿಸಿಕೊಂಡ.

"ಚಲೋ ಆತಲ್ಲ ತಮ್ಮಾ. ಅಲ್ಲಿ ಅಡಿಗಿ ಮನಿ ಇರ್ತದಿಲ್ಲೋ? ಅದರೊಳಗ ಯಾರ್ ಹೋಗಬೇಕಂತ?"

ಸಭೆಯಲ್ಲಿ ಎರಡು ತಾಸು ಮಾತಾಡಿದ ಯಾರಿಗೂ ಹೊಳೆಯದ ಪ್ರಶ್ನೆ ಇದು. ಬಿ.ಎ. ಓದಿದ ನನಗೂ ಹೊಳೆದಿರಲಿಲ್ಲ. ಈ ಪ್ರಶ್ನೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಒಂದಿಷ್ಟು ಇತಿಹಾಸ ತಿರುವಿ ನೋಡಿದೆ. ಕಂಡದ್ದನ್ನು ಗೆಳೆಯರ ಮುಂದೆ ಇಡುತ್ತಿದ್ದೇನೆ.

೧

ಹಲವು ಧರ್ಮದವರು ಒಂದೆಡೆ ಕೂಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಅದನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ನಮ್ಮ ಕಡೆ ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಊರಲ್ಲೂ ಮೊಹರಂ ನಡೆಯುತ್ತದೆ. ಅಲಾಯಿ ಕುಣಿ ತೋಡುತ್ತಾರೆ, ಪಂಜಾ ಕೂಡಿಸುತ್ತಾರೆ. ಲಿಂಗಾಯತರ ಮನೆಯ ಹೆಣ್ಣುಮಕ್ಕಳು ಸಕ್ಕರೆ ಓದಿಸುತ್ತಾರೆ. ಕುರುಬರ ಹುಡುಗರು ಹೆಜ್ಜೆ ಕುಣಿತ ಹಾಕುತ್ತಾರೆ. ಹೊರಗಿನಿಂದ ಬಂದ ಪಂಡಿತರು ಇದನ್ನು ನೋಡಿ ಸೌಹಾರ್ದ ಅಂತ ಬರೆಯುತ್ತಾರೆ. ಸುಳ್ಳಲ್ಲ, ಅದು ಸೌಹಾರ್ದವೇ.

ಆದರೆ ನಮ್ಮೂರಿನ ಮೊಹರಮ್ಮಿನಲ್ಲಿ ನನ್ನ ಅಪ್ಪ ಎಲ್ಲಿ ನಿಂತಿದ್ದ? ಅಲಾಯಿ ಬೆಂಕಿಯಲ್ಲಿ ಹಲಗಿ ಕಾಯಿಸಿಕೊಂಡು ಕುಣಿಯ ಆಚೆ ನಿಂತಿದ್ದ. ಅವನ ಬಡಿತ ಇಲ್ಲದೆ ದೇವರು ಏಳುವಂತಿರಲಿಲ್ಲ. ಆದರೆ ದೇವರು ಕೂತ ಕಟ್ಟೆಯನ್ನು ಅವನು ಏರುವಂತೆಯೂ ಇರಲಿಲ್ಲ. ಚೊಂಗೆ ಹಂಚುವಾಗ ಎಲ್ಲರಿಗೂ ಕೈಗೆ ಕೊಟ್ಟು ಅವನ ಟವೆಲಿಗೆ ಮೇಲಿಂದ ಹಾಕುತ್ತಿದ್ದರು. ಹಾಕುತ್ತಿದ್ದವರಲ್ಲಿ ಹಿಂದೂ ಕೈಯೂ ಇತ್ತು, ಮುಸ್ಲಿಂ ಕೈಯೂ ಇತ್ತು. ಸಣ್ಣವನಿದ್ದಾಗ ನಾನು ಯಾಕೆ ಅಂತ ಕೇಳಿದ್ದಕ್ಕೆ ಅಪ್ಪ ಅಂದಿದ್ದ: "ದೇವ್ರು ಎಲ್ಲಾರ್ದೂ ಐತಿ. ಕಟ್ಟಿ ನಮ್ದಲ್ಲ."

ಧರ್ಮ ಧರ್ಮಗಳ ನಡುವಿನ ಗೋಡೆ ಬೇರೆ, ಮನುಷ್ಯರನ್ನು ಮೇಲೆ ಕೆಳಗೆ ಮಾಡಿದ ಮೆಟ್ಟಿಲು ಬೇರೆ. ಗೋಡೆ ಒಡೆದರೆ ಮೆಟ್ಟಿಲು ತಾನಾಗಿ ಬೀಳುತ್ತದೆ ಅಂತ ನಂಬುವವರು ಒಮ್ಮೆ ಮಹಾಡಕ್ಕೆ ಹೋಗಿ ಬರಬೇಕು.

೨

ಮಹಾಡ ಕೊಂಕಣದ ಒಂದು ಸಣ್ಣ ಪಟ್ಟಣ. ಆಗ ಕೊಲಾಬಾ ಜಿಲ್ಲೆ, ಈಗ ರಾಯಗಡ ಅನ್ನುತ್ತಾರೆ. ಅಲ್ಲಿ ಚೌದಾರ್ ಕೆರೆ ಇದೆ. ಕೆರೆಯ ಸುತ್ತ ಸವರ್ಣೀಯರ ಮನೆಗಳೂ ಇದ್ದವು, ಮುಸ್ಲಿಮರ ಮನೆಗಳೂ ಇದ್ದವು. ಹಿಂದೂ ಆ ನೀರು ಕುಡಿಯುತ್ತಿದ್ದ, ಮುಸ್ಲಿಂ ಕುಡಿಯುತ್ತಿದ್ದ. ದನ ಕರುಗಳು ಕುಡಿಯುತ್ತಿದ್ದವು. ಸರ್ವಧರ್ಮದ ಕೆರೆ ಅಂತ ಯಾರಾದರೂ ಬೋರ್ಡು ಬರೆಸಿದ್ದರೆ ಅದು ತಪ್ಪಾಗುತ್ತಿರಲಿಲ್ಲ. ಅಸ್ಪೃಶ್ಯ ಮಾತ್ರ ಮುಟ್ಟುವಂತಿರಲಿಲ್ಲ.

1923ರಲ್ಲಿ ಎಸ್.ಕೆ. ಬೋಲೆ ಅವರು ಮುಂಬೈ ಶಾಸನಸಭೆಯಲ್ಲಿ ಒಂದು ನಿರ್ಣಯ ಪಾಸು ಮಾಡಿಸಿದರು. ಸರ್ಕಾರದ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ ಬಾವಿ ಶಾಲೆ ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಮಹಾಡದ ಪುರಸಭೆ 1924ರಲ್ಲಿ ತನ್ನ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಕಾಗದದ ಮೇಲೆ ಕೆರೆ ತೆರೆಯಿತು. ಮೂರು ವರ್ಷ ಒಬ್ಬನೂ ನೀರು ಮುಟ್ಟಲಾಗಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಅಷ್ಟಕ್ಕೆ ಊರು ಹೊತ್ತಿ ಉರಿಯಿತು. ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಅಂತ ಸುದ್ದಿ ಹಬ್ಬಿಸಿ, ಊಟಕ್ಕೆ ಕೂತಿದ್ದ ನಮ್ಮವರ ಮೇಲೆ ಬಡಿಗೆ ಹಿಡಿದು ಬಿದ್ದರು. ಪೆಟ್ಟು ತಿಂದವರಲ್ಲಿ ಹಲವರು ಮುಸ್ಲಿಮರ ಮನೆ ಹೊಕ್ಕು ಜೀವ ಉಳಿಸಿಕೊಂಡರು. ಆಮೇಲೆ ಸವರ್ಣೀಯರು ಕೆರೆಯಿಂದ 108 ಮಡಕೆ ನೀರು ಎತ್ತಿ ಹೊರಗೆ ಹಾಕಿ, ಸೆಗಣಿ ಗಂಜಲ ಹಾಲು ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಯನ್ನು 'ಶುದ್ಧ' ಮಾಡಿದರು. ದನ ಕುಡಿದಾಗ ಮೈಲಿಗೆಯಾಗದ ನೀರು ಮನುಷ್ಯ ಕುಡಿದಾಗ ಮೈಲಿಗೆಯಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ತೆಗೆದುಕೊಂಡಿತು.

ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನ. ಪೆಂಡಾಲು ಹಾಕಲು ಮಹಾಡದ ಹಿಂದೂಗಳು ಯಾರೂ ಜಾಗ ಕೊಡಲಿಲ್ಲ. ಜಾಗ ಕೊಟ್ಟವರು ಫತ್ತೇಖಾನ್ ಅನ್ನುವ ಒಬ್ಬ ಮುಸ್ಲಿಂ. ಅವರ ಆ ತುಂಡು ನೆಲದ ಮೇಲೆ 1927ರ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಡಲಾಯಿತು. ಸುಡಬೇಕು ಅನ್ನುವ ನಿರ್ಣಯವನ್ನು ಮಂಡಿಸಿದ ಗಂಗಾಧರ ನೀಲಕಂಠ ಸಹಸ್ರಬುದ್ಧೆ ಹುಟ್ಟಿನಿಂದ ಬ್ರಾಹ್ಮಣರು.

ಮಹಾಡದಲ್ಲಿ ಸರ್ವಧರ್ಮದ ಜಾಗ ಯಾವುದು? ಎಲ್ಲ ಧರ್ಮದವರೂ ನೀರು ತರುತ್ತಿದ್ದ ಕೆರೆಯೋ? ಒಬ್ಬ ಮುಸ್ಲಿಂ ನೆಲ ಕೊಟ್ಟು, ಒಬ್ಬ ಬ್ರಾಹ್ಮಣ ನಿರ್ಣಯ ಮಂಡಿಸಿ, ಸಾವಿರಾರು ಅಸ್ಪೃಶ್ಯರು ತಲೆಯೆತ್ತಿ ಕೂತ ಆ ಪೆಂಡಾಲೋ? ನನ್ನನ್ನು ಕೇಳಿದರೆ ಪೆಂಡಾಲು. ಕೆರೆ ನಮ್ಮದೂ ಹೌದು ಅಂತ ಮುಂಬೈ ಹೈಕೋರ್ಟು ಹೇಳುವ ಹೊತ್ತಿಗೆ 1937 ಬಂದಿತ್ತು. ಠರಾವು ಆಗಿ ಹದಿಮೂರು ವರ್ಷ.

೩

ಈಗ ಸ್ವಲ್ಪ ದೂರ ಹೋಗೋಣ. ಹೊಸ ಊರು ಕಟ್ಟುವಾಗಲೇ ಎಲ್ಲ ಧರ್ಮಗಳಿಗೂ ಒಂದೇ ಮನೆ ಅಂತ ನಕ್ಷೆಯಲ್ಲಿ ಬರೆದು, ಕಟ್ಟಿಯೂ ತೋರಿಸಿದ ಒಂದು ಊರಿದೆ. ಅದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾ. ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವೆ ಬರುತ್ತದೆ.

ಆ ಸೀಮೆಗೂ ಅದರದೇ ಹೊಲಗೇರಿಯ ಚರಿತ್ರೆ ಇದೆ. 1910ರಲ್ಲಿ ಬಾಲ್ಟಿಮೋರಿನಲ್ಲಿ ಮೆಕ್‌ಮೆಕೆನ್ ಅನ್ನುವ ಕಪ್ಪು ವಕೀಲ ಬಿಳಿಯರ ಬೀದಿಯಲ್ಲಿ ಮನೆ ಮಾಡಿದ. ಯೇಲ್‌ನಲ್ಲಿ ಕಾನೂನು ಓದಿದವನು. ಓದಿದರೇನು, ಬಣ್ಣ ಕಪ್ಪು. ಬಿಳಿಯರು ಕೆರಳಿ ನಿಂತರು. ಆ ವರ್ಷವೇ ನಗರಸಭೆ ಕಪ್ಪು ಬೀದಿ ಬೇರೆ, ಬಿಳಿ ಬೀದಿ ಬೇರೆ ಅಂತ ಕಾನೂನು ಮಾಡಿತು. ಆ ದೇಶದಲ್ಲಿ ಅಂಥ ಮೊದಲ ಕಾನೂನು ಅದು. 1917ರಲ್ಲಿ ಸುಪ್ರೀಂ ಕೋರ್ಟು ಇಂಥ ಕಾನೂನು ನಡೆಯುವುದಿಲ್ಲ ಅಂದಿತು. ಕಾನೂನು ಹೋಯಿತು, ಬೀದಿಗಳು ಹಾಗೇ ಉಳಿದವು. ಮನೆ ಮಾರುವ ಪತ್ರದಲ್ಲೇ ಕಪ್ಪು ಜನರಿಗೆ ಮಾರಕೂಡದು ಅಂತ ಬರೆಸಿಕೊಳ್ಳುವ ಚಾಳಿ ಬೆಳೆಯಿತು. ಬಾಡಿಗೆ ಮನೆ ಕೇಳಲು ಹೋದಾಗ "ನೀವು ಯಾವ ಪೈಕಿ?" ಅಂತ ಕೇಳಿಸಿಕೊಂಡ ನಮ್ಮ ಪದವೀಧರರಿಗೆ ಮೆಕ್‌ಮೆಕೆನ್ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ ಕೇರಳದ ಒಂದು ಶಾಲೆಯಲ್ಲಿ ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಅಂತ ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಬೇಸರವಾದರೂ ಆಮೇಲೆ ಅದು ನಿಜವೇ ಅನ್ನಿಸಿತು ಅಂತ ಕಿಂಗ್ 1965ರ ಒಂದು ಉಪದೇಶದಲ್ಲಿ ಹೇಳಿಕೊಂಡಿದ್ದಾರೆ. ಅವರೇ ಇನ್ನೊಂದು ಮಾತು ಪದೇ ಪದೇ ಹೇಳುತ್ತಿದ್ದರು. ಭಾನುವಾರ ಬೆಳಗಿನ ಹನ್ನೊಂದು ಗಂಟೆ, ಅಂದರೆ ಎಲ್ಲರೂ ಚರ್ಚಿನಲ್ಲಿರುವ ಹೊತ್ತು, ಆ ದೇಶದಲ್ಲಿ ಕಪ್ಪು ಬಿಳುಪು ಅತಿ ಹೆಚ್ಚು ಬೇರೆಯಾಗಿರುವ ಹೊತ್ತು ಅಂತ. ಯೇಸು ಒಬ್ಬನೇ, ಬೈಬಲ್ ಒಂದೇ, ಚರ್ಚು ಮಾತ್ರ ಎರಡು.

ಇಂಥ ನೆಲದಲ್ಲಿ ಜೇಮ್ಸ್ ರೌಸ್ ಅನ್ನುವ ವ್ಯಾಪಾರಿ 1963ರ ಹೊತ್ತಿಗೆ ಸುಮಾರು 14,000 ಎಕರೆ ಹೊಲ ಕೊಂಡ. ಬೆಲೆ ಏರಬಾರದು ಅಂತ ಬೇನಾಮಿ ಕಂಪನಿಗಳ ಹೆಸರಲ್ಲಿ ಗುಟ್ಟಾಗಿ ಕೊಂಡ. ದುಡ್ಡು ಕೊಟ್ಟಿದ್ದು ಒಂದು ವಿಮಾ ಕಂಪನಿ. ಆತ ಸಂತನೇನಲ್ಲ, ಲಾಭಕ್ಕೇ ಊರು ಕಟ್ಟಿದವನು. ಅದನ್ನು ಮುಚ್ಚಿಟ್ಟವನೂ ಅಲ್ಲ. ಆದರೆ ಊರಿನ ನಕ್ಷೆ ಬರೆಯುವ ಮೊದಲು ಸಮಾಜಶಾಸ್ತ್ರ, ಶಿಕ್ಷಣ, ಆರೋಗ್ಯ ಬಲ್ಲವರನ್ನು ತಿಂಗಳುಗಟ್ಟಲೆ ಕೂಡಿಸಿ, ಮನುಷ್ಯರು ಇಲ್ಲಿ ಹೇಗೆ ಬದುಕಬೇಕು ಅಂತ ಮಾತಾಡಿಸಿದ. ಊರನ್ನು ಸಣ್ಣ ಸಣ್ಣ ಹಳ್ಳಿಗಳಾಗಿ ಒಡೆದು, ಪ್ರತಿ ಹಳ್ಳಿಗೂ ಒಂದು ನಡುಭಾಗ ಮಾಡಿದರು. ಅಂಚೆ ಪೆಟ್ಟಿಗೆಗಳನ್ನು ಮನೆ ಮನೆಗೆ ಇಡದೆ ಒಂದೆಡೆ ಗುಂಪಾಗಿ ಇಟ್ಟರು. ಕಾಗದ ತೆಗೆದುಕೊಳ್ಳಲು ಬಂದವರು ಒಬ್ಬರ ಮುಖ ಒಬ್ಬರು ನೋಡಲಿ ಅಂತ.

1967ರ ಜೂನಿನಲ್ಲಿ ಊರು ತೆರೆಯಿತು. ಕಪ್ಪು ಬಿಳುಪು ಜನ ಮದುವೆಯಾಗಬಾರದು ಅನ್ನುವ ಹಳೆಯ ಕಾನೂನನ್ನು ಮೇರಿಲ್ಯಾಂಡ್ ತೆಗೆದುಹಾಕಿದ್ದು ಆ ವರ್ಷವೇ! ಮನೆ ಮಾರುವುದರಲ್ಲಿ ಬಣ್ಣಭೇದ ಮಾಡಕೂಡದು ಅನ್ನುವ ದೇಶದ ಕಾನೂನು ಬಂದದ್ದು 1968ರಲ್ಲಿ. ಅದಕ್ಕೂ ಮೊದಲೇ ಕೊಲಂಬಿಯಾದಲ್ಲಿ ಯಾವ ಬಣ್ಣದವರು ಬಂದರೂ ಯಾವ ಬೀದಿಯಲ್ಲಾದರೂ ಮನೆ ಕೊಡಬೇಕು ಅಂತ ಕಟ್ಟಳೆ ಇತ್ತು.

ಗೆಳೆಯರು ಗಮನಿಸಬೇಕಾದದ್ದು ಈ ಅನುಕ್ರಮವನ್ನು. ಮೊದಲು ಮನೆಯ ಬಾಗಿಲು ತೆರೆಯಿತು. ದೇವರ ಬಾಗಿಲು ಆಮೇಲೆ.

ಆ ದೇವರ ಬಾಗಿಲು ಹೇಗಿತ್ತು? ಪಂಗಡಕ್ಕೊಂದು ಸೈಟು ಹಂಚುತ್ತಾ ಹೋಗಲಿಲ್ಲ. ಹಳ್ಳಿಯ ನಡುಭಾಗದಲ್ಲಿ ಎಲ್ಲರಿಗೂ ಸೇರಿ ಒಂದು ಜಾಗ. ಕಟ್ಟಡದ ಒಡೆತನ ಯಾವ ಒಂದು ಸಭೆಗೂ ಇಲ್ಲ, ಅದಕ್ಕೆಂದೇ ಮಾಡಿದ ಬೇರೆ ಸಂಸ್ಥೆಗೆ. ಸಭೆಗಳು ಹಣ ಕೊಟ್ಟು ಬಳಸಬೇಕು. 1970ರಲ್ಲಿ ವೈಲ್ಡ್ ಲೇಕ್ ಅನ್ನುವ ಹಳ್ಳಿಯಲ್ಲಿ ಮೊದಲ ಕೂಡು ಕೇಂದ್ರ ಆಯಿತು. ಆಮೇಲೆ ಓಕ್‌ಲ್ಯಾಂಡ್ ಮಿಲ್ಸ್, ಓವೆನ್ ಬ್ರೌನ್ ಹಳ್ಳಿಗಳಲ್ಲೂ ಆದವು. ಕ್ಯಾಥೊಲಿಕರು, ಪ್ರಾಟೆಸ್ಟೆಂಟರು, ಯೆಹೂದಿಗಳು ಒಂದೇ ಸೂರಿನ ಕೆಳಗೆ ಬಂದರು. ಯೆಹೂದಿಗಳ ಪ್ರಾರ್ಥನೆ ಶುಕ್ರವಾರ ಸಂಜೆಯಿಂದ ಶನಿವಾರ, ಕ್ರೈಸ್ತರದು ಭಾನುವಾರ. ಒಬ್ಬೊಬ್ಬರು ಒಂದೊಂದು ಕಟ್ಟಡ ಕಟ್ಟಿಕೊಂಡಿದ್ದರೆ ಅಷ್ಟೂ ಕಟ್ಟಡಗಳು ವಾರದ ಬಹುಪಾಲು ಬೀಗ ಹಾಕಿಕೊಂಡು ಕೂರುತ್ತಿದ್ದವು. ಈ ಲೆಕ್ಕ ನಮ್ಮೂರಿಗೂ ಅನ್ವಯಿಸುತ್ತದೆ.

ಅಲ್ಲಿನ ಧರ್ಮಸಂಸ್ಥೆಗಳು ಮಾಡಿದ ಇನ್ನೊಂದು ಕೆಲಸ ನನಗೆ ಕಟ್ಟಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವು ಕೂಡಿ ಒಂದು ವಸತಿ ಸಂಸ್ಥೆ ಮಾಡಿಕೊಂಡು, ಕಡಿಮೆ ಆದಾಯದವರಿಗೆ ಮನೆ ಕಟ್ಟಿಸಿದವು. ಆ ಮನೆಗಳನ್ನು ಊರಾಚೆ ಒಂದು ಕೇರಿಯಾಗಿ ಒಟ್ಟಲಿಲ್ಲ. ಊರೊಳಗೆ ಬೇರೆ ಬೇರೆ ಕಡೆ ಹಂಚಿದರು.

ಎಲ್ಲವೂ ಸಸೂತ್ರ ಆಯಿತು ಅಂತಲ್ಲ. ಕೆಲವು ಸಭೆಗಳು ಬೆಳೆದ ಮೇಲೆ ಸ್ವಂತ ಕಟ್ಟಡ ಕಟ್ಟಿಕೊಂಡು ಹೊರಗೆ ಹೋದವು. 2020ರ ಜನಗಣತಿಯಲ್ಲಿ ಕೊಲಂಬಿಯಾದಲ್ಲಿ 1 ಲಕ್ಷದ 4 ಸಾವಿರಕ್ಕೂ ಹೆಚ್ಚು ಜನ. ಅದು ಸೇರಿರುವ ಹೊವರ್ಡ್ ಕೌಂಟಿ ಆ ದೇಶದ ಶ್ರೀಮಂತ ಜಿಲ್ಲೆಗಳಲ್ಲಿ ಒಂದು. ಬಡವರಿಗೆ ಅಲ್ಲಿ ಮನೆ ಸುಲಭವಿಲ್ಲ. ಬಣ್ಣದ ಬೇಲಿ ಕಿತ್ತವರಿಗೆ ದುಡ್ಡಿನ ಬೇಲಿ ಕೀಳಲಾಗಲಿಲ್ಲ. ಆದರೂ ವೈಲ್ಡ್ ಲೇಕ್ ಒಂದು ಪಾಠ ಕಲಿಸುತ್ತದೆ. ಬೇರೆ ಬೇರೆ ದೇವರು ಒಂದು ಸೂರಿನ ಕೆಳಗೆ ಇರಬಲ್ಲರು. ಒಡೆತನ ಯಾರದು, ಬಾಗಿಲು ಯಾರಿಗೆ ಅನ್ನುವುದನ್ನು ಪಾಯ ತೆಗೆಯುವ ಮೊದಲೇ ಬರೆದಿಡಬೇಕು, ಅಷ್ಟೆ.

೪

ಅಷ್ಟು ದೂರ ಯಾಕೆ, ನಮ್ಮ ಕಲ್ಯಾಣವಿಲ್ಲವೇ ಅಂತ ಕೆಲವರು ಕೇಳಬಹುದು. ಇದೆ. ಹನ್ನೆರಡನೇ ಶತಮಾನದ ಕಲ್ಯಾಣವೂ ಬೆಳೆಯುತ್ತಿದ್ದ ಊರೇ. ಸಮಗಾರ, ಅಂಬಿಗ, ಮಡಿವಾಳ, ಬ್ರಾಹ್ಮಣ ಅಲ್ಲಿ ಒಟ್ಟಿಗೆ ಕೂತರು ಅಂತ ಶರಣರ ಪರಂಪರೆ ಹೇಳುತ್ತದೆ. ಅವರು ಕೂತು ಮಾತಾಡಿದಷ್ಟು ದಿನ ಅರಸು ಸಹಿಸಿಕೊಂಡ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ರಕ್ತ ಹರಿಯಿತು. 2021ರಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಸರ್ಕಾರ ಅಡಿಗಲ್ಲು ಹಾಕಿತು. ಮಂಟಪ ಎಷ್ಟು ಎತ್ತರ ಅನ್ನುವುದನ್ನು ಎಂಜಿನಿಯರು ಹೇಳಲಿ. ಅದರೊಳಗೆ ಹರಳಯ್ಯನ ಮಗನಿಗೆ ಮದುವೆಯಾಗುತ್ತದೋ ಇಲ್ಲವೋ ಅನ್ನುವುದು ನಮ್ಮ ಪ್ರಶ್ನೆ.

ನಮ್ಮ ಊರುಗಳಲ್ಲಿ ಸಮುದಾಯ ಭವನಗಳಿಗೆ ಬರ ಇಲ್ಲ. ಬಸವ ಭವನ, ಕನಕ ಭವನ, ವಾಲ್ಮೀಕಿ ಭವನ, ಶಾದಿ ಮಹಲ್, ಅಂಬೇಡ್ಕರ್ ಭವನ. ಸಮುದಾಯ ಅಂದರೆ ಎಲ್ಲರೂ ಅಂತ ನಿಘಂಟು ಹೇಳಬಹುದು. ನಮ್ಮಲ್ಲಿ ಅದಕ್ಕೆ ಜಾತಿ ಅಂತ ಅರ್ಥ. ಇದನ್ನು ನೋಡಿ ಓದಿದವರು ಕೆಲವರು ಅಂಬೇಡ್ಕರ್ ಭವನ ಯಾಕೆ ಬೇರೆ ಬೇಕು ಅಂತ ನಮ್ಮನ್ನೇ ಕೇಳುತ್ತಾರೆ. ಅವರಿಗೆ ನನ್ನ ಅಕ್ಕನ ಮದುವೆಯ ಕತೆ ಹೇಳುತ್ತೇನೆ. ಊರಿನ ಒಂದು ಕಲ್ಯಾಣ ಮಂಟಪ ಕೇಳಲು ಅಪ್ಪ ಹೋದ. ತಾರೀಖು ಖಾಲಿ ಇದೆ ಅಂದರು. ಯಾವ ಓಣಿ ಅಂತ ಕೇಳಿದರು. ಓಣಿ ಹೇಳಿದ ಮೇಲೆ ಆ ತಾರೀಖು ತುಂಬಿತು. ಆ ಮಂಟಪ ಕಟ್ಟುವಾಗ ನಮ್ಮವ್ವ ತಲೆಯ ಮೇಲೆ ಇಟ್ಟಿಗೆ ಹೊತ್ತಿದ್ದಳು. ಅಕ್ಕನ ಮದುವೆ ಅಂಬೇಡ್ಕರ್ ಭವನದಲ್ಲಿ ಆಯಿತು. ಆ ಭವನ ನಮಗೆ ಬೇರೆ ಇರುವ ಹಟವಲ್ಲ, ಉಳಿದೆಡೆ ಮುಚ್ಚಿದ ಬಾಗಿಲುಗಳ ಫಲ.

ಆದ್ದರಿಂದ ಸಿ.ಎ. ಸೈಟಿನಲ್ಲಿ ಸರ್ವಧರ್ಮ ಭವನ ಬೇಡ ಅಂತ ನಾನು ಹೇಳುವುದಿಲ್ಲ. ಬೇಕೇ ಬೇಕು. ಒಂದು ಧರ್ಮದವರು ಇನ್ನೊಂದು ಧರ್ಮದವರ ಅಂಗಡಿ ಬಾಗಿಲಿಗೆ ಹೋಗಬೇಡಿ ಅಂತ ಕರಪತ್ರ ಹಂಚಿದ್ದನ್ನೂ ಈ ನಾಡು ಕಂಡಿದೆ. ಕೂಡಿ ಕೂರುವ ಜಾಗ ಇಲ್ಲದ ಊರಲ್ಲಿ ಸುಳ್ಳು ಸುದ್ದಿಗೆ ಕಾಲು ಬೇಗ ಬರುತ್ತದೆ. ಆದರೆ ನಕ್ಷೆಗೆ ಸಹಿ ಬೀಳುವ ಮೊದಲು ನಮ್ಮ ಕೆಲವು ಮಾತು ಅದರೊಳಗೆ ಹೋಗಬೇಕು.

ಆ ಭವನದ ಒಡೆತನ ಮಠಕ್ಕಾಗಲಿ, ಜಮಾತಿಗಾಗಲಿ, ಚರ್ಚಿಗಾಗಲಿ ಇರಬಾರದು. ಸಮಿತಿಯಲ್ಲಿ ನಮ್ಮ ಕೇರಿಯ ಹೆಣ್ಣು ಗಂಡು ಇಬ್ಬರೂ ಹಕ್ಕಿನಿಂದ ಕೂರಬೇಕು. ಮೂರು ಧರ್ಮದ ಮೂವರು ಹಿರಿಯರನ್ನು ಕರೆದರೆ ಊರು ಪೂರ್ತಿ ಬಂದಂತೆ ಆಗುವುದಿಲ್ಲ. ಧರ್ಮಕ್ಕೆ ಮೆಟ್ಟಿಲುಗಳಿವೆ, ಕೆಳಗಿನ ಮೆಟ್ಟಿಲಿನವನು ಮೇಲಿನವನ ಬಾಯಲ್ಲಿ ಮಾತಾಡುವುದಿಲ್ಲ. ಯಾವ ದೇವರನ್ನೂ ನಂಬದವರಿಗೂ ಅಲ್ಲಿ ಜಾಗ ಬೇಕು.

ಅಡುಗೆಮನೆ ಒಂದೇ ಇರಬೇಕು. ಒಲೆ ಹಚ್ಚುವವರು ಯಾವ ಜಾತಿ ಅಂತ ಕೇಳುವವರಿಗೆ ಬುಕಿಂಗ್ ಇಲ್ಲ ಅಂತ ಬಾಗಿಲಲ್ಲೇ ಬರೆಯಬೇಕು. ನೀರಿಗೆ ಒಂದೇ ನಲ್ಲಿ. ಕಸ ಗುಡಿಸುವವರು, ಪಾಯಖಾನೆ ತೊಳೆಯುವವರು ಹಿಂದಿನ ಬಾಗಿಲಿನಿಂದ ಬರಬೇಕು ಅನ್ನುವಂತಿಲ್ಲ. ಊಟದ ಪಂಕ್ತಿಯಲ್ಲಿ ಅವರಿಗೂ ಎಲೆ ಹಾಕಬೇಕು.

ಕೊನೆಯದು ಮದುವೆ. ಭವನದ ಮೊದಲ ಮದುವೆ ಜಾತಿ ಬಿಟ್ಟು ಆಗುವ ಮದುವೆಯಾಗಲಿ. 1954ರ ವಿಶೇಷ ವಿವಾಹ ಕಾಯ್ದೆ ಧರ್ಮ ಬಿಡದೆಯೂ ಬೇರೆ ಧರ್ಮದವರನ್ನು ಮದುವೆಯಾಗುವ ಹಕ್ಕು ಕೊಟ್ಟಿದೆ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿ ತೋರಿಸಿದರು. ಅಂಥ ಜೋಡಿಗಳು ಓಡಿಹೋಗಿ ಎಲ್ಲೋ ಅಡಗಿಕೊಳ್ಳದೆ, ನಡು ಊರಿನಲ್ಲಿ ನಾಲ್ಕು ಜನರ ಮುಂದೆ ಹಾರ ಹಾಕಿಕೊಳ್ಳುವ ಜಾಗ ಬೇಕಲ್ಲ?

ಇದರಲ್ಲಿ ನಾನು ಹೊಸದಾಗಿ ಕೇಳಿದ್ದು ಕಡಿಮೆ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ರಸ್ತೆ, ಸಾರ್ವಜನಿಕ ಸ್ಥಳಗಳನ್ನು ಹೆಸರಿಟ್ಟು ಹೇಳಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿದೆ. 1955ರಲ್ಲಿ ಅದಕ್ಕೊಂದು ಶಿಕ್ಷೆಯ ಕಾಯ್ದೆಯೂ ಬಂತು. ಆದರೆ ಕಾಗದದ ಮೇಲೆ ತೆರೆದ ಕೆರೆ ಏನಾಯಿತು ಅಂತ ಮಹಾಡ ಹೇಳಿದೆ. ಹಾಗಾಗಿ ಇದೆಲ್ಲ ಭವನದ ಬೈಲಾದಲ್ಲೇ ಇರಬೇಕು, ಓದಲು ಬಾರದವರಿಗೂ ಓದಿ ಹೇಳಬೇಕು.

ಎರಡನೇ ಸಭೆಗೂ ಹೋಗಿದ್ದೆ. ಅಪ್ಪನ ಪ್ರಶ್ನೆಯನ್ನು ಎದ್ದು ನಿಂತು ಕೇಳಿದೆ. ಅಡುಗೆಮನೆಯೊಳಗೆ ಯಾರು ಹೋಗಬಹುದು? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವೇದಿಕೆಯ ಮೇಲಿಂದ ಒಬ್ಬರು ನಗುತ್ತಾ, "ಮೊದಲು ಕಟ್ಟಡ ಏಳಲಿ ತಮ್ಮಾ, ಅದೆಲ್ಲಾ ಆಮ್ಯಾಲೆ ನೋಡೋಣು" ಅಂದರು. ಕೆಲವರು ಚಪ್ಪಾಳೆ ಹೊಡೆದರು. ಕಂಬಕ್ಕೆ ಒರಗಿದ್ದ ನಮ್ಮ ಹುಡುಗರು ಹೊಡೆಯಲಿಲ್ಲ.

ಮನೆಗೆ ಬಂದಾಗ ಅಪ್ಪ ಕಾಯುತ್ತಿದ್ದ.

"ಏನಂದ್ರು?"

"ಆಮ್ಯಾಲೆ ಅಂದ್ರಪ್ಪಾ."

"ಹಂಗಾರ ಅವರಿಗೆ ಗೊತ್ತೈತಿ," ಅಂದ.

ಮೂರನೇ ಸಭೆ ಬರುವ ಅಮಾವಾಸ್ಯೆ ಕಳೆದ ಮೇಲೆ, ಅದೇ ಸಿ.ಎ. ಸೈಟಿನಲ್ಲಿ. ಪಾಯದ ಗೆರೆ ಇನ್ನೂ ಹಾಕಿಲ್ಲ, ನೆಲ ಇನ್ನೂ ಹೊಲವೇ ಆಗಿದೆ. ಆ ಹುಡುಗರಿಗೆ ಹೇಳಿದ್ದೇನೆ, ಇದನ್ನು ಓದುವ ಗೆಳೆಯರಿಗೂ ಹೇಳುತ್ತೇನೆ: ಬನ್ನಿ. ಈ ಸಲ ಒರಗಿ ನಿಂತು ಕೇಳುವುದು ಬೇಡ. ನಾವೇ ಹಾಕಿದ ಕುರ್ಚಿ, ಮುಂದಿನ ಸಾಲಿನಲ್ಲೇ ಕೂತು ಕೇಳೋಣ.